ಹೊಸ್ತಿಲು ಕೊಳೆಯುವುದೇಕೆ? ದುರಸ್ತಿ ಹೇಗೆ?

(ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ರೈತರ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಭತ್ತ, ಕಬ್ಬು, ರಾಗಿಯ ಬಗ್ಗೆ ಮಾತನಾಡಬೇಕಾದ ಬೇಸಾಯಶಾಸ್ತ್ರದ ಮೇಷ್ಟರಿಗೆ ಮನೆಯ ಬಾಗಿಲಿನ ಉಸಾಬರಿ ಏಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಅದಕ್ಕೆ ಕಾರಣವಿದೆ. ಹೊಲದಲ್ಲಿ ಬೆಳೆದದ್ದು ಕೊನೆಗೆ ಬಂದು ಸೇರುವುದು ಮನೆಗೆ. ಮುಂದಿನ ವರ್ಷದ ಬಿತ್ತನೆ ಬೀಜ, ಮನೆಮಂದಿಯ ರಾಗಿ, ದನಕರುಗಳ ಹಿಂಡಿ ಬೂಸಾ ಎಲ್ಲವೂ ಇರುವುದು ಅದೇ ಸೂರಿನ ಕೆಳಗೆ. ಹೊಸ್ತಿಲು ಕೊಳೆತು ಅದರಡಿಯಲ್ಲಿ ಸಂದು ಬಿಟ್ಟರೆ ಇಲಿ ಹೆಗ್ಗಣಗಳಿಗೆ ರಾಜಮಾರ್ಗ ಸಿಕ್ಕಂತೆ. ಇಲಿಯ ಹಿಂದೆ ಹಾವೂ ಬರುತ್ತದೆ. ಗೆದ್ದಲು ಮೊದಲು ಹತ್ತುವುದು ಹೊಸ್ತಿಲಿಗೆ; ಅಲ್ಲಿಂದ ಬಾಗಿಲುವಾಡ, ವಾಡದಿಂದ ತೊಲೆ, ತೊಲೆಯಿಂದ ಜಂತೆ. ಕಾಲಡಿಯ ಒಂದು ಮರದ ತುಂಡನ್ನು ಉಪೇಕ್ಷಿಸಿದರೆ ಕೆಲವು ವರ್ಷಗಳಲ್ಲಿ ಮಾಡಿಗೇ ಸಂಚಕಾರ ಬರುತ್ತದೆ.

ಇನ್ನೊಂದು ನಷ್ಟವೂ ಇದೆ. ನಮ್ಮ ಹಳ್ಳಿಗಳ ತೊಟ್ಟಿಮನೆಗಳಲ್ಲಿ, ಹಳೆಯ ಹೆಂಚಿನ ಮನೆಗಳಲ್ಲಿ ಇರುವ ಬಾಗಿಲುವಾಡಗಳು ಚೆನ್ನಾಗಿ ಬಲಿತ ಮರದಲ್ಲಿ ಮಾಡಿದವು. ಅಂತಹ ಮರ ಈಗ ದುಡ್ಡು ಕೊಟ್ಟರೂ ಸುಲಭವಾಗಿ ಸಿಗುವುದಿಲ್ಲ. ಕೆಳಗಿನ ಒಂದು ಗೇಣು ಕೊಳೆತದ್ದನ್ನು ನೋಡಿ "ವಾಡವೇ ಹೋಯಿತು" ಎಂದು ಇಡೀ ಚೌಕಟ್ಟನ್ನು ಕಿತ್ತು ಹಳೆಯ ಮರ ಕೊಳ್ಳುವವರಿಗೆ ಕೊಟ್ಟು, ಆ ಜಾಗಕ್ಕೆ ಎಳೆಯ ಹಸಿಮರದ ಹೊಸ ವಾಡ ಕೂರಿಸುವವರಿದ್ದಾರೆ. ನೀರು ಬರುವ ದಾರಿ ಹಾಗೆಯೇ ಇರುವುದರಿಂದ ಹೊಸದು ಹಳೆಯದಕ್ಕಿಂತ ಬೇಗ ಕೊಳೆಯುತ್ತದೆ.

ನಾನು ಈ ದಿನ ಹೇಳಬೇಕಾದ ಮುಖ್ಯ ಮಾತು ಇಷ್ಟೇ: ಹೊಸ್ತಿಲನ್ನು ಕೊಳೆಸುವುದು ನೀರು. ಮೊದಲು ನೀರಿಗೆ ದಾರಿ ಮಾಡಿ. ಆಮೇಲೆ ಕೊಳೆತಷ್ಟನ್ನೇ ತೆಗೆಯಿರಿ. ನೆಲಕ್ಕೆ ತಾಗುವ ಕಡೆ ಮರದ ಬದಲು ಕಲ್ಲು ಇಡಿ.

ಮರ ಕೊಳೆಯುವ ಬಗೆ

ಮರವನ್ನು ಕೊಳೆಸುವುದು ಒಂದು ಜಾತಿಯ ಶಿಲೀಂಧ್ರ. ಭತ್ತಕ್ಕೆ ಬೆಂಕಿರೋಗ ತರುವುದೂ ಶಿಲೀಂಧ್ರವೇ. ಇದು ಬದುಕಲು ಆಹಾರ, ಗಾಳಿ, ಬೆಚ್ಚನೆಯ ಹವೆ ಮತ್ತು ತೇವ, ಈ ನಾಲ್ಕೂ ಬೇಕು. ಆಹಾರವೆಂದರೆ ಮರವೇ. ಗಾಳಿಯನ್ನೂ ಹವೆಯನ್ನೂ ನಾವು ತಡೆಯಲಾರೆವು. ನಮ್ಮ ಕೈಯಲ್ಲಿರುವುದು ತೇವ ಒಂದೇ. ಮರದಲ್ಲಿ ತೇವಾಂಶ ಶೇಕಡ 20ಕ್ಕಿಂತ ಕಡಿಮೆ ಇದ್ದರೆ ಕೊಳೆಯುವ ರೋಗ ಬೆಳೆಯಲಾರದು. ಭತ್ತವನ್ನು ಶೇಕಡ 14ಕ್ಕಿಂತ ಹೆಚ್ಚು ತೇವವಿರುವಾಗ ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆಂದು ತಾವು ಬಲ್ಲಿರಿ. ಮರದ ಲೆಕ್ಕವೂ ಅದೇ. ಅಂಕಿ ಮಾತ್ರ ಬೇರೆ.

ಬೇಲಿಯ ಗೂಟವನ್ನು ಗಮನಿಸಿ. ಅದು ಮುರಿಯುವುದು ನೆಲದ ಮಟ್ಟದಲ್ಲಿ. ಮೇಲಿನ ಭಾಗ ಒಣಗಿರುತ್ತದೆ. ಆಳದಲ್ಲಿ ತೇವವಿದ್ದರೂ ಗಾಳಿ ಕಡಿಮೆ. ನೆಲದ ಮಟ್ಟದಲ್ಲಿ ತೇವವೂ ಗಾಳಿಯೂ ಒಟ್ಟಿಗೆ ಸಿಗುತ್ತವೆ. ಹೊಸ್ತಿಲು ಇರುವುದೂ ಅದೇ ಮಟ್ಟದಲ್ಲಿ.

ಮತ್ತೊಂದು ಅಂಶವನ್ನು ನೆನಪಿನಲ್ಲಿಡಬೇಕು. ಮರದ ಅಡ್ಡಮೈಗಿಂತ ಕಡಿದ ತುದಿ ಹಲವು ಪಟ್ಟು ವೇಗವಾಗಿ ನೀರು ಹೀರುತ್ತದೆ. ಹುಲ್ಲಿನ ಕಟ್ಟಿನ ಬುಡವನ್ನು ನೀರಿನಲ್ಲಿ ಇಟ್ಟರೆ ನೀರು ಕಡ್ಡಿಗಳ ಒಳಗೆ ಏರುವಂತೆ ಇದು. ಬಾಗಿಲುವಾಡದ ಎರಡು ಕಾಲುಗಳ ಕಡಿದ ತುದಿ ಹೊಸ್ತಿಲಿನ ಮೇಲೆ ಕೂತಿರುವುದರಿಂದ ಕೊಳೆಯುವಿಕೆ ಶುರುವಾಗುವುದು ಸಾಮಾನ್ಯವಾಗಿ ಆ ಮೂಲೆಗಳಲ್ಲೇ.

ನಮ್ಮ ಸೀಮೆಯಲ್ಲಿ ನೀರು ಎಲ್ಲಿಂದ ಬರುತ್ತದೆ?

ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. 1930ರ ದಶಕದಲ್ಲಿ ಆಗಿನ ಇರ್ವಿನ್ ನಾಲೆಯ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯ ನೀರು ಹುಲಿಕೆರೆ ಸುರಂಗ ದಾಟಿ ಈ ಕಡೆ ಹರಿಯಿತು. ಅದರಿಂದ ಆದ ಉಪಕಾರವನ್ನು ನಾನು ತಮಗೆ ಹೇಳಬೇಕಾಗಿಲ್ಲ. ಆದರೆ ನಾಲೆಯ ನೀರು ಬರುವ ಮೊದಲು ಒಣಭೂಮಿಯಲ್ಲಿ ಕಟ್ಟಿದ ಊರುಗಳ ಮಗ್ಗುಲಿಗೆ ಗದ್ದೆಗಳು ಬಂದವು. ತಗ್ಗಿನ ಕಡೆ ನೆಲದೊಳಗಿನ ನೀರಿನ ಮಟ್ಟ ಏರಿತು. ಬಸಿಗಾಲುವೆ ಇಲ್ಲದ ಕಡೆ ಜೌಗು ಆಯಿತು, ಚೌಳು ಕಾಣಿಸಿತು. ಜೌಗು ಗದ್ದೆಯಲ್ಲಿ ನೀರು ಮಣ್ಣಿನ ಸಣ್ಣ ರಂಧ್ರಗಳ ಮೂಲಕ ಮೇಲಕ್ಕೆ ಏರಿ, ಆವಿಯಾಗಿ, ಉಪ್ಪನ್ನು ಮೇಲೆ ಬಿಟ್ಟುಹೋಗುತ್ತದೆ. ಮಣ್ಣಿನ ಗೋಡೆಯಲ್ಲಿ ನಡೆಯುವುದೂ ಅದೇ. ಗೋಡೆಯ ಬುಡದಲ್ಲಿ ಬಿಳಿ ಉಪ್ಪು ಹೊರಟು ಸುಣ್ಣ ಉದುರುತ್ತಿದ್ದರೆ ನೆಲದ ನೀರು ಏರುತ್ತಿದೆ ಎಂದು ತಿಳಿಯಬೇಕು. ಆ ಗೋಡೆಯಲ್ಲಿ ಹೂತಿರುವ ವಾಡದ ಕಾಲು ಒಣಗಿರುವುದಾದರೂ ಹೇಗೆ?

ನಾಲೆಯ ನೀರು ಏರದ ಎತ್ತರದ ಊರುಗಳಲ್ಲಿ, ಮಳೆಯಾಶ್ರಯದ ರಾಗಿ ಬೆಳೆಯುವ ಕಡೆ, ಹೊಸ್ತಿಲು ಕೊಳೆಯುವುದಿಲ್ಲವೇ ಎಂದರೆ ಅಲ್ಲಿಯೂ ಕೊಳೆಯುತ್ತದೆ. ಕಾರಣಗಳು ಬೇರೆ. ಅವುಗಳನ್ನು ಒಂದೊಂದಾಗಿ ಹೇಳುತ್ತೇನೆ.

1. ಬೀದಿ ಎತ್ತರವಾದದ್ದು. ಬೀದಿಗೆ ಮೊದಲು ಜಲ್ಲಿ, ಆಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟು ಬಿದ್ದು, ಹಿಂದೆ ಬೀದಿಗಿಂತ ಎರಡು ಮೆಟ್ಟಿಲು ಮೇಲಿದ್ದ ಹೊಸ್ತಿಲು ಈಗ ಬೀದಿಯ ಸಮಕ್ಕೆ, ಕೆಲವು ಕಡೆ ಅದಕ್ಕಿಂತ ಕೆಳಕ್ಕೆ ಬಂದಿದೆ.

2. ಸೂರುನೀರು. ಹೆಂಚಿನಿಂದ ಬಿದ್ದ ನೀರು ನೆಲಕ್ಕೆ ಬಡಿದು ಸಿಡಿದು ಗೋಡೆಯ ಬುಡವನ್ನೂ ಹೊಸ್ತಿಲನ್ನೂ ನೆನೆಸುತ್ತದೆ. ಗಟ್ಟಿ ಕಾಂಕ್ರೀಟಿನ ಮೇಲೆ ಬಿದ್ದರೆ ಮಣ್ಣಿನ ಮೇಲೆ ಬಿದ್ದದ್ದಕ್ಕಿಂತ ಹೆಚ್ಚು ಎತ್ತರಕ್ಕೆ ಸಿಡಿಯುತ್ತದೆ.

3. ದಿನನಿತ್ಯ ತೊಳೆಯುವ ನೀರು. ಬೆಳಗ್ಗೆ ಬಾಗಿಲಿಗೆ ನೀರು ಹಾಕಿ, ಸಾರಿಸಿ, ಹೊಸ್ತಿಲು ತೊಳೆಯುವುದು ಮನೆಮನೆಯ ಪದ್ಧತಿ. ಇದರ ಬಗ್ಗೆ ಮುಂದೆ ಪ್ರತ್ಯೇಕವಾಗಿ ಹೇಳುತ್ತೇನೆ.

4. ಕದ ತಿರುಗುವ ಗುಳಿ. ಹಳೆಯ ಕದಗಳಿಗೆ ಕೀಲುಪಟ್ಟಿ ಇಲ್ಲ. ಕದದ ಮೂಲೆಯ ಮೊಳೆ ಹೊಸ್ತಿಲಿನ ಗುಳಿಯಲ್ಲಿ ಕೂತು ತಿರುಗುತ್ತದೆ. ತೊಳೆದ ನೀರು ಆ ಗುಳಿಯಲ್ಲಿ ನಿಂತು ಹೊರಗೆ ಹೋಗಲು ದಾರಿಯಿಲ್ಲದೆ ಮರವನ್ನು ಒಳಗಿನಿಂದ ಕೊಳೆಸುತ್ತದೆ.

5. ದನ ಕಟ್ಟುವ ಜಾಗ. ಮನೆಯೊಳಗೇ ಕೊಟ್ಟಿಗೆ ಇದ್ದರೆ ಗಂಜಲ ಹರಿಯುವುದು ಒಳಹೊಸ್ತಿಲಿನ ಕಡೆಗೆ. ಬಚ್ಚಲ ಬಾಗಿಲಿನದೂ ಇದೇ ಕಥೆ.

6. ಸಿಮೆಂಟ್ ಗಿಲಾವು. ಮಣ್ಣಿನ ಗೋಡೆಗೆ ಸುಣ್ಣದ ಗಾರೆ ಇದ್ದಾಗ ಒಳಗಿನ ತೇವ ಹೊರಗೆ ಆರಿಹೋಗುತ್ತಿತ್ತು. ಗಟ್ಟಿ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಮರವಿರುವ ಕಡೆ ದಾರಿ ಹುಡುಕುತ್ತದೆ.

ನೀರು ನೆಲದಿಂದ ಏರುತ್ತಿದೆಯೋ ಮೇಲಿನಿಂದ ಬೀಳುತ್ತಿದೆಯೋ ತಿಳಿಯಲು ಸುಲಭ ಪರೀಕ್ಷೆ ಇದೆ. ಹೊಸ್ತಿಲಿನ ಪಕ್ಕದ ನೆಲವನ್ನು ಒರೆಸಿ, ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚುಗಳನ್ನು ಗಾಳಿಯಾಡದಂತೆ ಅಂಟುಪಟ್ಟಿಯಿಂದ ಮುಚ್ಚಿ ಒಂದೆರಡು ದಿನ ಬಿಡಿ. ಹಾಳೆಯ ಕೆಳಮೈಯಲ್ಲಿ ಹನಿ ಕೂತಿದ್ದರೆ ನೀರು ನೆಲದಿಂದ ಬರುತ್ತಿದೆ. ಮೇಲ್ಮೈಯಲ್ಲಿ ಮಾತ್ರ ಹನಿ ಇದ್ದರೆ ಅದು ಹವೆಯ ತೇವ.

ರೋಗ ಗುರುತಿಸುವುದು

ಬೆಳೆಗೆ ಔಷಧಿ ಹೊಡೆಯುವ ಮುನ್ನ ರೋಗವೋ ಕೀಟವೋ ಎಂದು ನೋಡುವಂತೆ ಇಲ್ಲಿಯೂ ನೋಡಬೇಕು.

ಕೊಳೆತವಾದರೆ ಮರ ಮೆತ್ತಗಾಗಿ, ಬಣ್ಣ ಕಂದಿ, ಒಣಗಿದಾಗ ಕೆರೆಯ ಮಣ್ಣು ಬಿರಿದಂತೆ ಚೌಕ ಚೌಕವಾಗಿ ಬಿರಿಯುತ್ತದೆ. ಇಲ್ಲವೇ ನಾರುನಾರಾಗಿ ಬಿಳಿಚಿಕೊಳ್ಳುತ್ತದೆ. ಗೆದ್ದಲಾದರೆ ಗೋಡೆಯ ಮೇಲೆ ಮಣ್ಣಿನ ಗೆರೆಗಳು ಕಾಣುತ್ತವೆ. ಮರದ ಮೇಲ್ಪದರ ಚೆನ್ನಾಗಿದ್ದು, ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಒಳಗೆ ಮಣ್ಣು ಮೆತ್ತಿರುತ್ತದೆ. ಕೊರೆಹುಳುವಾದರೆ ಸೂಜಿ ಮೊನೆಯಷ್ಟು ಸಣ್ಣ ತೂತುಗಳೂ ಕೆಳಗೆ ಹಿಟ್ಟಿನಂತಹ ಪುಡಿಯೂ ಇರುತ್ತವೆ. ಇದು ಹೆಚ್ಚಾಗಿ ಮರದ ಹೊರಗಿನ ಬಿಳಿ ಭಾಗವನ್ನು ತಿನ್ನುತ್ತದೆ. ಕೊಳೆತ ಮತ್ತು ಗೆದ್ದಲು ಜೊತೆಯಾಗಿ ಇರುವುದೇ ಹೆಚ್ಚು, ಏಕೆಂದರೆ ಎರಡಕ್ಕೂ ತೇವ ಇಷ್ಟ.

ಎಷ್ಟು ದೂರ ಕೊಳೆತಿದೆ ಎಂದು ತಿಳಿಯಲು ಚೂಪಾದ ದಬ್ಬಳ ಸಾಕು. ಕೆಳಗಿನಿಂದ ಮೇಲಕ್ಕೆ ಎರಡೆರಡು ಬೆರಳಿಗೊಮ್ಮೆ ಚುಚ್ಚುತ್ತ ಬನ್ನಿ. ಮೊನೆ ಸಲೀಸಾಗಿ ಇಳಿದರೆ ಅದು ಕೊಳೆತ ಮರ. ತಡೆದು, ಕಿತ್ತರೆ ಉದ್ದನೆಯ ಸೀಳು ಎದ್ದರೆ ಗಟ್ಟಿ ಮರ. ಗಟ್ಟಿ ಮರ ಶುರುವಾಗುವ ಕಡೆ ಬಳಪದಿಂದ ಗೆರೆ ಎಳೆಯಿರಿ. ಬಡಗಿ ಬರುವ ಮೊದಲೇ ಈ ಗೆರೆ ಎಳೆದಿಟ್ಟರೆ ಇಡೀ ವಾಡ ಕೀಳುವ ಮಾತು ಬರುವುದಿಲ್ಲ.

ಮೊದಲ ಕೆಲಸ: ನೀರಿಗೆ ದಾರಿ

ಗದ್ದೆಗೆ ಬಸಿಗಾಲುವೆ ತೆಗೆಯದೆ ಗೊಬ್ಬರ ಸುರಿದರೆ ಫಲವಿಲ್ಲ. ಹಾಗೆಯೇ ನೀರು ನಿಲ್ಲಿಸದೆ ಹೊಸ ಮರ ಕೂರಿಸಬಾರದು.

ಬಾಗಿಲ ಮುಂದಿನ ನೆಲ ಮನೆಯಿಂದ ಹೊರಕ್ಕೆ ಒಂದು ಮೀಟರಿಗೆ 3ರಿಂದ 5 ಸೆಂ.ಮೀ. ಇಳಿಜಾರಾಗಿರಲಿ. ಹೊಸ್ತಿಲಿನ ಮರದ ತಳ ಹೊರಗಿನ ನೆಲಕ್ಕಿಂತ ಕನಿಷ್ಠ 15 ಸೆಂ.ಮೀ. ಮೇಲಿರಬೇಕು. ಬೀದಿ ಎತ್ತರವಾಗಿ ಇದು ಸಾಧ್ಯವಿಲ್ಲದಿದ್ದರೆ, ಗೋಡೆಯ ಉದ್ದಕ್ಕೂ 30 ಸೆಂ.ಮೀ. ಅಗಲ, ಅಷ್ಟೇ ಆಳದ ಕಾಲುವೆ ತೆಗೆದು, ಒಂದು ಕಡೆಗೆ ಇಳಿಜಾರು ಕೊಟ್ಟು, ದಪ್ಪ ಜಲ್ಲಿ ತುಂಬಿ, ಚರಂಡಿಗೆ ಕೂಡಿಸಿ. ಪಾಯ ಆಳವಿಲ್ಲದ ಮಣ್ಣಿನ ಗೋಡೆಯಾದರೆ ಈ ಕಾಲುವೆಯನ್ನು ಗೋಡೆಗೆ ಅಂಟಿಕೊಂಡಂತೆ ತೆಗೆಯಬೇಡಿ. ಒಂದು ಮೊಳ ದೂರ ಬಿಡಿ. ಸೂರಿಗೆ ತಗಡಿನ ದೋಣಿ ಕಟ್ಟಿ ನೀರನ್ನು ಒಂದು ಮೂಲೆಗೆ ಒಯ್ದರೆ ಅರ್ಧ ಕೆಲಸ ಮುಗಿದಂತೆ. ಗೋಡೆಯ ಬುಡದಲ್ಲಿ ಸಿಮೆಂಟ್ ಗಿಲಾವು ಉಬ್ಬಿದ್ದರೆ ಮೊಣಕಾಲೆತ್ತರದವರೆಗೆ ಅದನ್ನು ಕೆತ್ತಿ ತೆಗೆದು, ಒಣಗಲು ಬಿಟ್ಟು, ಸುಣ್ಣ ಮರಳಿನ ಗಾರೆ ಬಳಿಯಿರಿ.

ಇಷ್ಟು ಮಾಡಿ ಒಂದು ಬೇಸಿಗೆ ಒಣಗಲು ಬಿಡಬೇಕು. ಮೇಲ್ಮೈ ಮಾತ್ರ ಕೊಳೆತಿದ್ದ ಎಷ್ಟೋ ಹೊಸ್ತಿಲುಗಳಿಗೆ ಇದಕ್ಕಿಂತ ಹೆಚ್ಚಿನ ಚಿಕಿತ್ಸೆ ಬೇಕಾಗುವುದೇ ಇಲ್ಲ.

ಕಿಟಕಿಯ ಅಡಿಪಟ್ಟಿ

ಕಿಟಕಿಯಲ್ಲಿ ಕೊಳೆಯುವುದು ಚೌಕಟ್ಟಿನ ಕೆಳಗಿನ ಅಡ್ಡಪಟ್ಟಿ. ಸರಳುಗಳು ಅದರೊಳಗೆ ಇಳಿಯುವ ತೂತುಗಳಲ್ಲಿ ನೀರು ನಿಲ್ಲುತ್ತದೆ, ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಮರ ಸೀಳುತ್ತದೆ. ಗಿಲಾವು ಮಾಡುವಾಗ ಹೊರಗಿನ ಸಿಮೆಂಟನ್ನು ಮರಕ್ಕಿಂತ ಒಂದು ಬೆರಳು ಮೇಲೆ ನಿಲ್ಲಿಸಿದರಂತೂ ಅಡಿಪಟ್ಟಿ ಗದ್ದೆಯ ಬದುವಿನೊಳಗೆ ಸಿಕ್ಕ ಸಸಿಯಂತಾಗುತ್ತದೆ.

ಕೊಳೆತ ಭಾಗ ಪಟ್ಟಿಯ ದಪ್ಪದ ಮೂರನೆಯ ಒಂದು ಪಾಲಿಗಿಂತ ಕಡಿಮೆ ಇದ್ದರೆ ಪಟ್ಟಿಯನ್ನು ಬದಲಿಸಬೇಕಾಗಿಲ್ಲ. ಉಳಿಯಿಂದ ಮೆತ್ತಗಿನ ಮರವನ್ನೆಲ್ಲ ತೆಗೆದು ಗಟ್ಟಿ ಮರ ಕಾಣುವವರೆಗೆ ಹೋಗಿ. ಎರಡು ಮೂರು ವಾರ ಒಣಗಲು ಬಿಡಿ. ಮುಂದೆ ಹೇಳುವ ಬೋರಾಕ್ಸ್ ದ್ರಾವಣ ಬಳಿದು ಮತ್ತೆ ಒಣಗಿಸಿ. ಆ ಗುಂಡಿಗೆ ಸರಿಯಾಗಿ ಕೂರುವ ಒಣಮರದ ತುಂಡನ್ನು ನೀರಿಗೆ ಬಿಡದ ಅಂಟಿನಿಂದ ಕೂರಿಸಿ ಹತ್ತರಿ ಹೊಡೆಯಿರಿ. ಸಿಮೆಂಟ್ ತುಂಬಬೇಡಿ. ಸಿಮೆಂಟ್ ಮರದೊಂದಿಗೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಎರಡರ ನಡುವೆ ಕೂದಲೆಳೆಯ ಸಂದು ಬಿಟ್ಟು, ಅಲ್ಲಿ ನೀರು ಇಳಿದು ಮೊದಲಿಗಿಂತ ಬೇಗ ಕೊಳೆಯುತ್ತದೆ.

ಪೂರ್ತಿ ಕೊಳೆತಿದ್ದರೆ ಹೊಸ ಪಟ್ಟಿಗೆ ಮೂರು ಗುಣ ಇರಲಿ. ಮೇಲ್ಮೈ ಹೊರಕ್ಕೆ ಇಳಿಜಾರಾಗಿರಲಿ, 15 ಸೆಂ.ಮೀ. ಅಗಲಕ್ಕೆ 2 ಸೆಂ.ಮೀ. ಇಳಿದರೆ ಸಾಕು. ಹೊರ ಅಂಚು ಗೋಡೆಯಿಂದ 4-5 ಸೆಂ.ಮೀ. ಮುಂದೆ ಚಾಚಿರಲಿ. ಆ ಚಾಚಿನ ತಳದಲ್ಲಿ, ಅಂಚಿನಿಂದ ಒಂದು ಅಂಗುಲ ಒಳಗೆ, ಉದ್ದಕ್ಕೂ ಒಂದು ಸಣ್ಣ ಗೆರೆ ಕೊರೆದಿರಲಿ. ನೀರು ಪಟ್ಟಿಯ ತಳಕ್ಕೆ ಅಂಟಿಕೊಂಡು ಗೋಡೆಗೆ ಹೋಗದೆ ಆ ಗೆರೆಯಲ್ಲಿ ತಡೆದು ಕೆಳಗೆ ಹನಿಯುತ್ತದೆ. ಹೊರಭಾಗಕ್ಕೆ ಮರದ ಬದಲು ತೆಳುವಾದ ಕಲ್ಲುಚಪ್ಪಡಿ ಇಟ್ಟರೆ ಇನ್ನೂ ಒಳ್ಳೆಯದು.

ಬಾಗಿಲುವಾಡದ ಕಾಲು

ಕಾಲು ಒಂದು ಗೇಣು ಕೊಳೆತಿದ್ದರೆ ಅಷ್ಟನ್ನೇ ತೆಗೆದು ಹೊಸ ಕಾಲು ಕೂಡಿಸಬಹುದು. ಹಳೆಯ ಮಣ್ಣಿನ ಮನೆಗಳಲ್ಲಿ ಬಾಗಿಲ ಮೇಲಿನ ಗೋಡೆಯ ಭಾರ ವಾಡದ ಮೇಲೆಯೇ ಇರುವುದುಂಟು. ಆದ್ದರಿಂದ ಮೊದಲು ಗೋಡೆಯ ಎರಡು ಕಡೆಯೂ ಗಟ್ಟಿ ಆಸರೆಗಂಬ ಕೊಟ್ಟು, ಬುಡಕ್ಕೆ ಹಲಗೆ ಇಟ್ಟು, ಬೆಣೆ ಹೊಡೆದು ಬಿಗಿ ಮಾಡದೆ ಗರಗಸ ಮುಟ್ಟಬೇಡಿ. ಇದರಲ್ಲಿ ಅವಸರ ಮಾಡಿದರೆ ಜೀವಕ್ಕೇ ಅಪಾಯ. ಗೋಡೆ ಬಿರುಕು ಬಿಟ್ಟು ವಾಲಿದ್ದರೆ ಅನುಭವಸ್ಥ ಗಾರೆ ಕೆಲಸದವರನ್ನು ಕರೆಯಿಸಿ ತೋರಿಸಿಯೇ ಮುಂದುವರಿಯಿರಿ.

ಬಳಪದ ಗೆರೆಗಿಂತ 10 ಸೆಂ.ಮೀ. ಮೇಲೆ, ಪೂರ್ತಿ ಗಟ್ಟಿ ಮರದಲ್ಲಿ ಕತ್ತರಿಸಬೇಕು. ಹಳೆಯ ಕಾಲು, ಹೊಸ ತುಂಡು ಎರಡರಲ್ಲೂ 15ರಿಂದ 20 ಸೆಂ.ಮೀ. ಉದ್ದಕ್ಕೆ ಅರ್ಧರ್ಧ ದಪ್ಪ ತೆಗೆದು ಒಂದರ ಮೇಲೊಂದು ಕೂರಿಸಿ ಎರಡು ಬೋಲ್ಟು ಹಾಕಬೇಕು. ಹೊರಗೆ ಕಾಣುವ ಕತ್ತರಿಕೆ ಹೊರಕ್ಕೆ ಇಳಿಜಾರಾಗಿರಲಿ, ನೀರು ಸಂದಿಯೊಳಗೆ ಹೋಗಬಾರದು. ಕಡಿದ ತುದಿಗಳಿಗೆಲ್ಲ ದ್ರಾವಣವನ್ನು ಕುಡಿಯುವಷ್ಟು ಕುಡಿಸಿ. ಹೊಸ ಕಾಲು ನೆಲಕ್ಕೆ ತಾಗದೆ ಕಲ್ಲಿನ ಮೇಲೆ ನಿಲ್ಲಲಿ.

ಹೊಸ್ತಿಲನ್ನೇ ಬದಲಿಸುವುದು

ಹೊಸ್ತಿಲು ಕದಲಿಸಬಾರದು ಎಂಬ ನಂಬಿಕೆಯಿಂದ ಹಲವರು ಕೊಳೆತದ್ದನ್ನು ವರ್ಷಗಟ್ಟಲೆ ಹಾಗೇ ಬಿಡುತ್ತಾರೆ. ಕೊನೆಗೆ ವಾಡವೇ ಕುಸಿದು ಕದ ನೆಲಕ್ಕೆ ಉಜ್ಜತೊಡಗುತ್ತದೆ. ಒಳ್ಳೆಯ ದಿನ ನೋಡಿ, ಮನೆಯ ಪದ್ಧತಿಯಂತೆ ಪೂಜೆ ಮಾಡಿ ಬದಲಿಸಿದರೆ ಯಾರ ಮನಸ್ಸಿಗೂ ಕಸಿವಿಸಿ ಇರುವುದಿಲ್ಲ. ಕೆಲಸದ ಕ್ರಮ ಹೀಗೆ:

1. ಕದಗಳನ್ನು ಕಳಚಿ, ಆಸರೆಗಂಬ ಕೊಡಿ.

2. ಹೊಸ್ತಿಲಿನ ಎರಡು ತುದಿಗಳೂ ವಾಡದ ಕಾಲಿಗೆ ಸಿಕ್ಕಿಕೊಂಡಿರುತ್ತವೆ. ಮೀಟಿ ಎಬ್ಬಿಸಿದರೆ ಕಾಲು ಸೀಳುತ್ತದೆ. ನಡುವೆ ಗರಗಸದಿಂದ ಎರಡು ತುಂಡು ಮಾಡಿ, ಒಂದೊಂದನ್ನೂ ನಡುವಿನ ಕಡೆಗೆ ಎಳೆದು ಬಿಡಿಸಿ.

3. ಕೆಳಗಿನ ತೇವದ ಮಣ್ಣು, ಕೊಳೆತ ಪುಡಿ, ಗೆದ್ದಲ ಮಣ್ಣನ್ನು ಒಂದು ಅಡಿ ಆಳದವರೆಗೆ ತೆಗೆದು ಮನೆಯಿಂದ ದೂರ ಹಾಕಿ. ಕೊಳೆತ ಮರವನ್ನು ಒಲೆಗೆ ಹಾಕಬಹುದು. ಆದರೆ ಬಣ್ಣ ಬಳಿದದ್ದನ್ನು, ಔಷಧಿ ಕುಡಿದದ್ದನ್ನು ಸುಡಬೇಡಿ, ಹೊಗೆ ವಿಷ.

4. ಜಲ್ಲಿ ತುಂಬಿ ಧಮ್ಮಸ್ಸು ಮಾಡಿ, ಮೇಲೆ ಕಾಂಕ್ರೀಟು ಹಾಕಿ ಸಮ ಮಾಡಿ. ಅದು ಗಟ್ಟಿಯಾದ ಮೇಲೆ ಡಾಂಬರು ಬಳಿಯಿರಿ ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ನೆಲದ ತೇವ ಮೇಲೇರದಂತೆ ತಡೆಯುವುದು ಈ ಪದರವೇ.

5. ಅದರ ಮೇಲೆ ಕಲ್ಲಿನ ಹೊಸ್ತಿಲು ಕೂರಿಸಿ. ಬೇಲಿಗೂ ಕಲ್ಲುಕಂಬ ನೆಡುವ ನಮ್ಮ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಮೇಲ್ಮೈ ಹೊರಕ್ಕೆ ಸ್ವಲ್ಪ ಇಳಿಯಲಿ. ವಾಡದ ಕಾಲುಗಳು ಕೂರುವ ಕಡೆ ಕಲ್ಲಿನಲ್ಲಿ ತೂತು ಕೊರೆದು, ತುಕ್ಕು ಹಿಡಿಯದ ಕಬ್ಬಿಣದ ಗೂಟ ನೆಟ್ಟು, ಅದು ಕಾಲಿನ ತಳಕ್ಕೆ ಹೊಕ್ಕುವಂತೆ ಮಾಡಿದರೆ ವಾಡ ಅಲುಗುವುದಿಲ್ಲ.

6. ಮರದ ಹೊಸ್ತಿಲೇ ಬೇಕೆನ್ನುವವರು ಕಲ್ಲಿನ ಮೇಲೆ ಮರ ಕೂರಿಸಬಹುದು. ಆಗ ಕದ ತಿರುಗುವ ಗುಳಿಯ ತಳದಿಂದ ಹೊರಮೈಗೆ ಬೈರಿಗೆಯಲ್ಲಿ ಓರೆಯಾಗಿ ಒಂದು ತೂತು ಕೊರೆಯಿರಿ. ನಿಂತ ನೀರು ಹರಿದುಹೋಗುತ್ತದೆ.

ಯಾವ ಮರ?

ಯಾವ ಜಾತಿಯಾದರೂ ಬಿಳಿ ಹೊರಭಾಗ ಬಾಳುವುದಿಲ್ಲ. ಒಳಗಿನ ಬಣ್ಣದ ಗಟ್ಟಿ ಭಾಗ, ಅಂದರೆ ಚೇಗು, ಬಾಳುತ್ತದೆ. ತೇಗ, ಹೊನ್ನೆ ಉತ್ತಮ. ಹಲಸು, ಬೇವು, ಕರಿಜಾಲಿಯ ಚೇಗನ್ನೂ ಬಳಸಬಹುದು. ಮಾವು, ಸಿಲ್ವರ್ ಓಕ್, ಎಳೆಯ ಹೆಬ್ಬೇವು ಹೊಸ್ತಿಲಿಗೆ ಯೋಗ್ಯವಲ್ಲ. ಮದ್ದೂರಿನ ಕಡೆ ತೆಂಗಿಗೆ ಕೊರತೆಯಿಲ್ಲ. ಹಳೆಯ ತೆಂಗಿನ ಮರದ ಹೊರಗಿನ ಕಪ್ಪುಭಾಗ ಜಂತೆಗೆ ಒಳ್ಳೆಯದಾದರೂ ತೇವ ತಾಗುವ ಹೊಸ್ತಿಲಿಗೆ ಬೇಡ. ಕೆಡವಿದ ಹಳೆಯ ಮನೆಯ ತೊಲೆಯ ತುಂಡು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಸ್ವಂತ ಹೊಲದ ಬದುವಿನ ಮರ ಕಡಿಯುವುದಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕಾಗಬಹುದು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಅರಣ್ಯ ಇಲಾಖೆಯಲ್ಲಿ ವಿಚಾರಿಸಿ ಮುಂದುವರಿಯಿರಿ.

ಕೊಯ್ದ ಮರವನ್ನು ನೆರಳಿನಲ್ಲಿ, ಗಾಳಿಯಾಡುವಂತೆ ನಡುನಡುವೆ ಕಡ್ಡಿ ಇಟ್ಟು ಪೇರಿಸಿ, ಒಂದು ಬೇಸಿಗೆ ಪೂರ್ತಿ ಒಣಗಿಸಬೇಕು. ಹಿಂದಿನವರು ದಿಮ್ಮಿಯನ್ನು ಕೆಲವು ತಿಂಗಳು ಕೆರೆಯಲ್ಲಿ ಮುಳುಗಿಸಿಡುತ್ತಿದ್ದರು. ಕೊರೆಹುಳುವಿಗೆ ಆಹಾರವಾದ ಗಂಜಿಯ ಅಂಶ ಅದರಿಂದ ಕಡಿಮೆಯಾಗುತ್ತದೆ, ಪದ್ಧತಿ ಒಳ್ಳೆಯದೇ. ಮರ ಒಣಗಿದೆಯೇ ಎಂದು ತಿಳಿಯಲು ಒಂದು ತುಂಡನ್ನು ವಾರಕ್ಕೊಮ್ಮೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಾಗ ಒಣಗಿತೆಂದು ಲೆಕ್ಕ.

ಔಷಧಿ ಮತ್ತು ಎಚ್ಚರಿಕೆ

ಮರಕ್ಕೆ ಮನೆಯಲ್ಲಿ ಬಳಸಬಹುದಾದದ್ದು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ. ಬೋರಾನ್ ಕೊರತೆ ಇರುವ ಬೆಳೆಗಳಿಗೆ ಕೊಡುವ ಬೋರಾಕ್ಸೇ ಇದು. 10 ಲೀಟರ್ ಬಿಸಿನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಮ್ಲ ಹಾಕಿ ಕರಗಿಸಿ. ಎರಡು ಮೂರು ಸಲ ಕುಂಚದಿಂದ ಬಳಿದು, ಎರಡು ದಿನ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿಟ್ಟರೆ ಚೆನ್ನಾಗಿ ಒಳಗಿಳಿಯುತ್ತದೆ. ಇದು ಶಿಲೀಂಧ್ರ, ಕೊರೆಹುಳು ಎರಡನ್ನೂ ತಡೆಯುತ್ತದೆ. ನೀರಿನಲ್ಲಿ ತೊಳೆದುಹೋಗುವ ಗುಣ ಇದಕ್ಕಿರುವುದರಿಂದ ಮರ ಒಣಗಿದ ಮೇಲೆ ಅಗಸೆ ಎಣ್ಣೆಯ ಲೇಪ ಅಥವಾ ಬಣ್ಣ ಕೊಡಲೇಬೇಕು. ಅಡುಗೆ ಪಾತ್ರೆಯಲ್ಲಿ ಕಲಸಬೇಡಿ; ಮಕ್ಕಳ ಕೈಗೆ ಸಿಗದಂತೆ ಇಡಿ.

ಗೆದ್ದಲಿಗೆ ಹಳೆಯ ಪುಸ್ತಕಗಳಲ್ಲಿ ಆಲ್ಡ್ರಿನ್, ಬಿ.ಎಚ್.ಸಿ. ಎಂದು ಬರೆದಿರುವುದನ್ನು ತಾವು ಓದಿರಬಹುದು. ಆಲ್ಡ್ರಿನ್ 1996ರಲ್ಲಿ, ಬಿ.ಎಚ್.ಸಿ. 1997ರಲ್ಲಿ ನಮ್ಮ ದೇಶದಲ್ಲಿ ನಿಷೇಧವಾದವು. ಮನೆಯ ಮೂಲೆಯಲ್ಲಿ ಹಳೆಯ ಡಬ್ಬ ಉಳಿದಿದ್ದರೆ ಬಳಸಬೇಡಿ. ಗದ್ದೆಗೆ ತಂದು ಉಳಿದ ಕೀಟನಾಶಕವನ್ನೂ ಹೊಸ್ತಿಲಿಗೆ ಸುರಿಯಬೇಡಿ. ಕೂಸುಗಳು ಅಂಬೆಗಾಲಿಡುವ, ಧಾನ್ಯ ಹರಡುವ ಜಾಗ ಅದು. ಕಟ್ಟಡದ ಗೆದ್ದಲಿಗೆಂದೇ ಮಂಜೂರಾದ ಔಷಧಿಯನ್ನು, ಚೀಟಿಯಲ್ಲಿ ಹೇಳಿದ ಪ್ರಮಾಣದಲ್ಲಿ, ಬಾವಿ ಮತ್ತು ನೀರಿನ ತೊಟ್ಟಿಯಿಂದ ದೂರದಲ್ಲಿ, ತಿಳಿದವರಿಂದಲೇ ಹಾಕಿಸಬೇಕು. ಯಂತ್ರಗಳಿಂದ ತೆಗೆದ ಹಳೆಯ ಕಪ್ಪು ಎಣ್ಣೆಯನ್ನು ಬಳಿಯುವ ಅಭ್ಯಾಸವೂ ಮನೆಯೊಳಗೆ ಬೇಡ.

ರೇಷ್ಮೆ ಸಾಕುವವರಿಗೆ ವಿಶೇಷವಾಗಿ ಒಂದು ಮಾತು. ಹುಳು ಸಾಕುವ ಮನೆಯಲ್ಲಿ ಹವೆ ತೇವವಾಗಿಯೇ ಇರಬೇಕು. ಬೆಳೆ ಬೆಳೆಗೂ ಬ್ಲೀಚಿಂಗ್ ಪುಡಿಯ ದ್ರಾವಣದಿಂದ ತೊಳೆಯಲೂ ಬೇಕು. ಅಲ್ಲಿ ಮರ ಬೇಗ ಕೊಳೆಯುವುದು ಸಹಜ. ಆದರೆ ಅಲ್ಲಿನ ಮರಕ್ಕೆ ಯಾವ ಕೀಟನಾಶಕವನ್ನೂ ಬಳಿಯಬಾರದು. ಗೆದ್ದಲಿನ ಜೊತೆಗೆ ಹುಳುವೂ ಸಾಯುತ್ತದೆ. ಆ ಮನೆಗೆ ಹೊಸ್ತಿಲು, ಕಿಟಕಿಯ ಅಡಿಪಟ್ಟಿ ಎರಡೂ ಕಲ್ಲಿನವೇ ಆಗಲಿ.

ತಾಯಂದಿರಲ್ಲಿ ಒಂದು ಅರಿಕೆ

ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚುವುದರಿಂದ ಮರಕ್ಕೆ ಏನೂ ಕೇಡಿಲ್ಲ. ಕೇಡಾಗುವುದು ಚೆಂಬುಗಟ್ಟಲೆ ಸುರಿದ ನೀರು ಸಂದಿಗಳಲ್ಲಿ ನಿಂತಾಗ. ನೀರನ್ನು ಸುರಿಯುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಒಣಬಟ್ಟೆಯಿಂದ ಒರೆಸಿ ಪೂಜೆ ಮಾಡಿದರೆ ಮಡಿಗೂ ಭಂಗವಿಲ್ಲ, ಮರಕ್ಕೂ ಭಂಗವಿಲ್ಲ. ಬಾಗಿಲ ಮುಂದೆ ಹಾಕುವ ನೀರು ಹೊರಗಿನ ಕಡೆಗೇ ಹರಿಯಲಿ.

ಈಗ ಹಲವರು ದಿನವೂ ಹಚ್ಚುವ ಕೆಲಸ ತಪ್ಪಲೆಂದು ಹೊಸ್ತಿಲಿಗೆ ಹಳದಿ ಎಣ್ಣೆಬಣ್ಣ ಬಳಿದು ಕೆಂಪು ಬೊಟ್ಟು ಇಡಿಸುತ್ತಾರೆ. ಪೂರ್ತಿ ಒಣಗಿದ ಮರಕ್ಕೆ ಬಳಿದರೆ ಒಳ್ಳೆಯದೇ. ತೇವದ ಮರಕ್ಕೆ ಬಳಿದರೆ ಒಳಗಿನ ನೀರಿಗೆ ಹೊರಗೆ ಬರಲು ದಾರಿಯೇ ಇಲ್ಲದಂತಾಗಿ, ಮೇಲೆ ಹಳದಿ ಮಿಂಚುತ್ತಿರುವಾಗಲೇ ಒಳಗೆ ಪುಡಿಯಾಗಿರುತ್ತದೆ.

ಯಾವಾಗ ಮಾಡಬೇಕು?

ನಮ್ಮ ಸೀಮೆಯಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಒಂದು ದಿನ ಬಿಡುವು ಮಾಡಿಕೊಂಡು ಮನೆಯ ಸುತ್ತ ಬನ್ನಿ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಸಿಡಿಯುತ್ತದೆ ಎಂದು ಗುರುತು ಮಾಡಿಕೊಳ್ಳಿ. ಸಂಕ್ರಾಂತಿಯ ಸುಗ್ಗಿ ಮುಗಿದ ಮೇಲೆ ಕಾಲುವೆ, ಇಳಿಜಾರಿನ ಕೆಲಸ ಮುಗಿಸಿ. ಏಪ್ರಿಲ್ ತಿಂಗಳಲ್ಲಿ ಮರ ಚೆನ್ನಾಗಿ ಒಣಗಿರುವಾಗ ದಬ್ಬಳ ಚುಚ್ಚಿ ನೋಡಿ, ಬೇಕಾದಷ್ಟನ್ನೇ ಬದಲಿಸಿ, ಮುಂಗಾರಿನೊಳಗೆ ಎಣ್ಣೆ ಅಥವಾ ಬಣ್ಣ ಕೊಡಿ. ಆ ಮೇಲೆ ವರ್ಷಕ್ಕೊಮ್ಮೆ, ಯುಗಾದಿಗೆ ಮನೆ ಸುಣ್ಣಬಣ್ಣ ಮಾಡುವಾಗ, ಹೊಸ್ತಿಲಿನ ಮೂಲೆಗಳನ್ನೂ ಕಿಟಕಿಯ ಅಡಿಪಟ್ಟಿಯನ್ನೂ ಮರೆಯದೆ ಪರೀಕ್ಷಿಸಿ.

ವಿಸ್ತರಣಾ ಕಾರ್ಯಕರ್ತ ಮಿತ್ರರಲ್ಲಿ ಒಂದು ಕೋರಿಕೆ. ಗದ್ದೆಯ ಬಸಿಗಾಲುವೆಯ ವಿಷಯ ಹೇಳಲು ಊರಿಗೆ ಹೋದಾಗ ಬಾಗಿಲ ಬಳಿ ನಿಂತು ಹೊಸ್ತಿಲನ್ನೂ ಒಮ್ಮೆ ನೋಡಿ. ಗೋಡೆಯ ಬುಡದ ಉಪ್ಪು, ಗದ್ದೆಯ ಚೌಳು ಎರಡೂ ಒಂದೇ ಪಾಠ ಎಂದು ರೈತರಿಗೆ ಅಲ್ಲಿಯೇ ತೋರಿಸಿಕೊಡಬಹುದು. ಬೀದಿಗೆ ಹೊಸದಾಗಿ ಕಾಂಕ್ರೀಟು ಹಾಕುವ ಪ್ರಸ್ತಾಪ ಗ್ರಾಮಸಭೆಯಲ್ಲಿ ಬಂದಾಗ, ಹಳೆಯ ಪದರ ಅಗೆದು ತೆಗೆದು ಹಾಕಿ, ಮನೆಗಳ ಹೊಸ್ತಿಲಿಗಿಂತ ಬೀದಿ ಮೇಲೇರದಿರಲಿ, ಚರಂಡಿ ಮೊದಲು ಆಗಲಿ ಎಂದು ಎಲ್ಲರೂ ಸೇರಿ ಒತ್ತಾಯ ಮಾಡಬೇಕು. ಒಬ್ಬೊಬ್ಬರೂ ತಮ್ಮ ತಮ್ಮ ಹೊಸ್ತಿಲು ಬದಲಿಸುವ ಖರ್ಚಿಗಿಂತ ಊರು ಒಟ್ಟಾಗಿ ಒಂದು ಚರಂಡಿ ಮಾಡಿಸುವ ಖರ್ಚು ಹಗುರ.